ಜಾರ್ಜಿಯನ್ ಅಕ್ಷರ ‘ಆನ್’: ಸಂಖ್ಯೆಯಿಂದ ಬೈಟ್‌ಗೆ

ಜಾರ್ಜಿಯನ್ ಪಠ್ಯವನ್ನು ಕಡತದಲ್ಲಿ ಉಳಿಸಿದಾಗ ಅಲ್ಲಿ ಸೇರುವುದು ಅಕ್ಷರದ ಆಕಾರವಲ್ಲ, ಅದರ ಸಂಖ್ಯೆ. ಆಕಾರವನ್ನು ಒದಗಿಸುವುದು ಫಾಂಟ್‌ನ ಕೆಲಸ. ಆದ್ದರಿಂದ ಮೊದಲು ಸರಿಯಾದ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಬೇಕು. ವರ್ಣಮಾಲೆಯ ಮೊದಲ ಅಕ್ಷರವಾದ ‘ಆನ್’ಗೆ, ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನಲ್ಲಿ ಒಂದಲ್ಲ, ನಾಲ್ಕು ಸಂಖ್ಯೆಗಳಿರುವುದರಿಂದ ತಪ್ಪು ಇಲ್ಲಿಂದಲೇ ಶುರುವಾಗಬಹುದು.

ಇಂದು ಜಾರ್ಜಿಯಾದಲ್ಲಿ ದಿನಬಳಕೆಯಲ್ಲಿರುವುದು 33 ಅಕ್ಷರಗಳ ಮ್ಖೆದ್ರುಲಿ ಲಿಪಿ. ಅದರ ‘ಆನ್’ನ ಸಂಖ್ಯೆ 4304, ಯೂನಿಕೋಡ್ ಪಟ್ಟಿಯಲ್ಲಿ ಇದನ್ನೇ ಹೆಕ್ಸಾಡೆಸಿಮಲ್ (16ರ ಆಧಾರದ) ರೂಪದಲ್ಲಿ 10ಡಿ0 ಎಂದು ಬರೆದಿರುತ್ತಾರೆ. ಚರ್ಚಿನ ಬರಹದಲ್ಲಿ ಉಳಿದುಬಂದಿರುವ ಹಳೆಯ ಲಿಪಿಗಳಾದ ಅಸೊಮ್ತಾವ್ರುಲಿಯಲ್ಲಿ ಅದು 4256, ನುಸ್ಖುರಿಯಲ್ಲಿ 11520. ನಾಲ್ಕನೆಯದು ಶೀರ್ಷಿಕೆಗಳಲ್ಲಿ ಕಾಣುವ ಮ್ತಾವ್ರುಲಿ. 2018ರಲ್ಲಿ ಯೂನಿಕೋಡ್ 11ನೆಯ ಆವೃತ್ತಿಯೊಂದಿಗೆ ಸೇರಿದ ಇದರ ‘ಆನ್’ 7312. ಸಾಮಾನ್ಯ ಪಠ್ಯಕ್ಕಾದರೆ ಯೋಚಿಸದೆ 4304ನ್ನೇ ಬಳಸಬಹುದು.

ಈ ಸಂಖ್ಯೆ, ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ (0ರಿಂದ 255ರವರೆಗಿನ ಸಂಖ್ಯೆಗಳಾಗಿ) ಬರೆಯುವ ಪದ್ಧತಿಯಾದ ಯುಟಿಎಫ್-8ರಲ್ಲಿ ಬೈಟ್‌ಗಳಾಗುವ ಬಗೆಯನ್ನು ಒಮ್ಮೆಯಾದರೂ ಕೈಯಾರೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 2048ರಿಂದ 65535ರವರೆಗಿನ ಸಂಖ್ಯೆಗಳಿಗೆ ಮೂರು ಬೈಟ್‌ಗಳು ಬೇಕು. 4304ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 67, ಶೇಷ 16. ಆ 67ನ್ನು ಮತ್ತೆ 64ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 3. ಹೀಗೆ ದೊರೆತ 1, 3, 16 ಎಂಬ ಮೂರು ಅಂಕಿಗಳಲ್ಲಿ ಮೊದಲನೆಯದಕ್ಕೆ 224ನ್ನೂ ಉಳಿದೆರಡಕ್ಕೆ 128ನ್ನೂ ಕೂಡಿಸಿದಾಗ ಬರುವ 225, 131, 144 ಎಂಬುವೇ ಕಡತದಲ್ಲಿ ಕೂರುವ ಬೈಟ್‌ಗಳು. ಮ್ಖೆದ್ರುಲಿಯ 33 ಅಕ್ಷರಗಳಿಗೂ ಮೊದಲೆರಡು ಬೈಟ್‌ಗಳು ಇವೇ. ಕೊನೆಯದು ಮಾತ್ರ 144ರಿಂದ 176ರವರೆಗೆ ಒಂದೊಂದಾಗಿ ಏರುತ್ತದೆ. ಇನ್ನೊಂದು ಪದ್ಧತಿಯಾದ ಯುಟಿಎಫ್-16ರಲ್ಲಿ 16 ಮತ್ತು 208 ಎಂಬ ಎರಡೇ ಬೈಟ್‌ಗಳು ಸಾಕು, ಆದರೆ ಅವುಗಳ ಕ್ರಮ ಕಡತದಿಂದ ಕಡತಕ್ಕೆ ಅದಲುಬದಲಾಗಬಹುದು.

ಈ ಲೆಕ್ಕ ತಿಳಿದಿದ್ದರೆ ದೋಷ ಎಲ್ಲಿದೆ ಎಂಬುದನ್ನು ಪತ್ತೆಹಚ್ಚುವುದು ಸುಲಭ. ತೆರೆಯ ಮೇಲೆ ಪ್ರತಿ ಅಕ್ಷರದ ಜಾಗದಲ್ಲೂ ಒತ್ತುಗುರುತಿರುವ ಲ್ಯಾಟಿನ್ ‘ಎ’ ಮತ್ತೆ ಮತ್ತೆ ಕಂಡರೆ, 225 ಎಂಬ ಬೈಟನ್ನು ಲ್ಯಾಟಿನ್-1 (ಒಂದು ಬೈಟ್‌ಗೆ ಒಂದು ಅಕ್ಷರವೆನ್ನುವ ಹಳೆಯ ಪದ್ಧತಿ) ಎಂದು ಭಾವಿಸಿ ಓದಲಾಗಿದೆ ಎಂದರ್ಥ. ಪಠ್ಯವನ್ನು ತಿದ್ದಲು ಹೋಗದೆ, ಓದುವ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಬದಲಿಸಬೇಕು. ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಕೊರತೆ ಇರುವುದು ಫಾಂಟ್‌ನಲ್ಲಿ, ವಿಶೇಷವಾಗಿ ಮ್ತಾವ್ರುಲಿ ಇಲ್ಲದ ಹಳೆಯ ಫಾಂಟ್‌ಗಳಲ್ಲಿ. ಡೇಟಾಬೇಸ್‌ನಲ್ಲಿ ಹೆಸರಿನ ಬಾಲ ಕತ್ತರಿಸಿಹೋಗಿದ್ದರೆ, ಅಂಕಣದ ಉದ್ದವನ್ನು ಅಕ್ಷರಗಳಲ್ಲಿ ಎಣಿಸಿದ್ದಾರೋ ಬೈಟ್‌ಗಳಲ್ಲಿ ಎಣಿಸಿದ್ದಾರೋ ನೋಡಿಕೊಳ್ಳಬೇಕು: ಹತ್ತು ಅಕ್ಷರಗಳ ಹೆಸರಿಗೆ ಮೂವತ್ತು ಬೈಟ್ ಬೇಕಾಗುತ್ತದೆ.

ದೊಡ್ಡಕ್ಷರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜಾರ್ಜಿಯನ್‌ನಲ್ಲಿ ವಾಕ್ಯದ ಅಥವಾ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿ ಬರೆಯುವ ರೂಢಿಯಿಲ್ಲ. ಮ್ತಾವ್ರುಲಿಯಲ್ಲಿ ಬರೆದರೆ ಇಡೀ ಪದವನ್ನೇ ಬರೆಯುತ್ತಾರೆ. ಇದನ್ನರಿತೇ ಯೂನಿಕೋಡ್, ಪೂರ್ತಿ ದೊಡ್ಡಕ್ಷರವಾಗಿಸಿದಾಗ 4304 ಹೋಗಿ 7312 ಆಗುವಂತೆಯೂ, ಮೊದಲಕ್ಷರವನ್ನಷ್ಟೇ ಹಿಗ್ಗಿಸುವ ಆಜ್ಞೆಗೆ 4304 ಹಾಗೆಯೇ ಉಳಿಯುವಂತೆಯೂ ನಿಯಮ ಮಾಡಿದೆ. ಪದದ ಮೊದಲ ಅಕ್ಷರವನ್ನು ಬಿಡಿಸಿಕೊಂಡು ಪೂರ್ತಿ ದೊಡ್ಡಕ್ಷರದ ಆಜ್ಞೆಯನ್ನೇ ಕೊಡುವ ಪ್ರೋಗ್ರಾಂಗಳು ಈ ನಿಯಮವನ್ನು ತಪ್ಪಿಸಿಬಿಡುತ್ತವೆ. ನನ್ನ ಅಂದಾಜಿನಲ್ಲಿ ಮೊದಲು ಹುಡುಕಬೇಕಾದ ದೋಷ ಇದೇ. ಹುಡುಕಾಟಕ್ಕಾಗಿ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವಾಗ 7312 ಮರಳಿ 4304 ಆಗುತ್ತದೆ, ಆದರೆ ಅಸೊಮ್ತಾವ್ರುಲಿಯ 4256 ನುಸ್ಖುರಿಯ 11520 ಆಗುತ್ತದೆಯೇ ಹೊರತು ಮ್ಖೆದ್ರುಲಿಗೆ ಬರುವುದಿಲ್ಲ. ಹಳೆಯ ಶಾಸನಪಾಠಗಳನ್ನೂ ಇಂದಿನ ಬರಹವನ್ನೂ ಒಟ್ಟಿಗೆ ಹುಡುಕಬೇಕಾದವರು ಆ ಹೊಂದಾಣಿಕೆಯ ಪಟ್ಟಿಯನ್ನು ತಾವೇ ಬರೆದುಕೊಳ್ಳಬೇಕಾಗುತ್ತದೆ.