ಡಿಸ್ಕ್ ಜಾರಿದ ಮೇಲೂ ಕಣದ ಕೆಲಸ: ನನ್ನ ಅನುಭವ

ಈ ಸಲ ರೊಬಸ್ಟಾ ಕಾಫಿ ಕೊಯ್ಲು ಮುಗಿಯುವವರೆಗೂ ಕಣದ ಕೆಲಸ, ಅಂದರೆ ಹಣ್ಣನ್ನು ಅಂಗಳದಲ್ಲಿ ಹರವಿ ಹಲಗೆಯಿಂದ ಎಳೆದು ಒಣಗಿಸುವುದು, ನಾನೇ ಮಾಡಿದೆ. ಮೂಡಿಗೆರೆ ಕಡೆ ನನ್ನನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಎರಡು ವರ್ಷದ ಹಿಂದೆ, ತೋಟ ಗುತ್ತಿಗೆಗೆ ಕೊಟ್ಟು ಸುಮ್ನೆ ಮನೇಲಿ ಕೂತ್ಕೊ ಅಂದವರೇ ಜಾಸ್ತಿ. ಸೊಂಟದ ಎಲ್-4, ಎಲ್-5 ಮೂಳೆಗಳ ಮಧ್ಯದ ಮೆತ್ತೆ, ಅಂದರೆ ಡಿಸ್ಕ್, ಜಾರಿತ್ತು; ಎಡಗಾಲಿಗೆ ಸೆಳೆತ, ಹೆಬ್ಬೆರಳಿಗೆ ಜೋಮು. ಸೊಂಟ ಹಿಡಿದವರಿಗೆಲ್ಲ ಗೊತ್ತಿರುವ ಕತೆ, ಬಿಡಿಸಿ ಹೇಳಬೇಕಿಲ್ಲ.

ಮೊದಲು ದುಡ್ಡಿನ ಲೆಕ್ಕ. ಎಂಆರ್‌ಐಗೆ ಸುಮಾರು 7 ಸಾವಿರ, ಎಣ್ಣೆ ಚಿಕಿತ್ಸೆಗೆ 15 ಸಾವಿರದ ಹತ್ತಿರ, ಗಟ್ಟಿ ಹಾಸಿಗೆ ಅಂತ 20 ಸಾವಿರಕ್ಕೆ ಮೇಲೆ. ಬೆಲ್ಟು, ಇಂಜೆಕ್ಷನ್ನು, ಹಾಸನಕ್ಕೆ ಓಡಾಡಿದ ಕಾರಿನ ಬಾಡಿಗೆ ಬೇರೆ. ಎಲ್ಲ ಸೇರಿ 60 ಸಾವಿರ ದಾಟಿರಬೇಕು. ಎಣ್ಣೆ ತಿಕ್ಕಿಸಿಕೊಂಡ ದಿನ ಹಾಯ್ ಅನ್ನಿಸುತ್ತಿತ್ತು, ಎರಡು ದಿನಕ್ಕೆ ಮತ್ತೆ ಅದೇ ಪಾಡು. ಮಲಗೇ ಇರಿ ಅಂದರು ಅಂತ ವಾರಗಟ್ಟಲೆ ಮಲಗಿದ್ದಕ್ಕೆ ತೊಡೆ ಸಣ್ಣಗಾಯಿತೇ ಹೊರತು ನೋವು ಜಗ್ಗಲಿಲ್ಲ.

ದಾರಿ ಸಿಕ್ಕಿದ್ದು ಚಿಕ್ಕಮಗಳೂರಿನ ಒಬ್ಬ ಫಿಸಿಯೋ ಹತ್ತಿರ. ಆಕೆ ನನ್ನನ್ನು ಮಂಚದ ಮೇಲೆ ಮಲಗಿಸಲಿಲ್ಲ. ಕೈಗೆ ಒಂದು ಕೋಲು ಕೊಟ್ಟು, ಕಣದಲ್ಲಿ ಕಾಫಿ ಹೇಗೆ ಎಳೀತೀರಿ ತೋರಿಸಿ ಅಂದರು. ನೋಡಿ ಎರಡೇ ಮಾತು ಹೇಳಿದರು: ಹಿಡಿಕೆ ಗಿಡ್ಡ, ಪಾದ ಅಲ್ಲೇ ಇಟ್ಟು ಸೊಂಟ ತಿರುಗಿಸ್ತಿದ್ದೀರಿ. ಊರಿಗೆ ಬಂದವನೇ ಎಳೆಯುವ ಹಲಗೆಗೆ ಮೂಗಿನ ಎತ್ತರದ ಹಿಡಿಕೆ ಹಾಕಿಸಿದೆ. ಬಡಗಿಗೆ ಕೊಟ್ಟಿದ್ದು 150 ರೂಪಾಯಿಯೋ 200ಓ ಇರಬೇಕು. ಈಗ ಹಲಗೆ ಎಳೆಯುವಾಗ ಬೆನ್ನು ಬಗ್ಗುವುದಿಲ್ಲ. ಸಾಲಿನ ಕೊನೆ ಬಂದಾಗ ಮೊದಲು ಪಾದ ತಿರುಗುತ್ತದೆ, ಆಮೇಲೆ ಮೈ. ಹಿಡಿಕೆ ಉದ್ದ ಮಾಡಿದರೆ ಡಿಸ್ಕ್ ಸರಿ ಹೋಗುತ್ತಾ ಅಂತ ಬಂಧುಗಳು ನಕ್ಕರು. ಡಿಸ್ಕ್ ಈಗಲೂ ಉಬ್ಬಿರಬಹುದು, ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ ಅದು ಕಾಣುತ್ತದೆ. ನನಗೆ ಬೇಕಿದ್ದಿದ್ದು ಕೆಲಸ ಮಾಡುವ ಬೆನ್ನು.

ಬೆಳಗಿನ ಹೊತ್ತಿನ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ರಾತ್ರಿ ಮಲಗಿದ್ದಾಗ ಡಿಸ್ಕ್ ನೀರು ಹೀರಿಕೊಂಡು ಊದಿರುತ್ತದೆ, ಎದ್ದ ಕೂಡಲೇ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ನಾನು ಎದ್ದ ತಕ್ಷಣ ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಡೇರಿಯವರು ನಮಗಾಗಿ ಕಾಯಲ್ಲ ಅಲ್ವಾ, ಅದಕ್ಕೆ ಒಂದು ಗಂಟೆ ಮುಂಚೆ ಎದ್ದು, ಅಂಗಳದಲ್ಲಿ ಓಡಾಡಿ, ಕಾಫಿ ಕುಡಿದು, ಆಮೇಲೆ ಕೊಟ್ಟಿಗೆಗೆ ಹೋಗಲು ಶುರು ಮಾಡಿದೆ. ಕೂರುವುದಕ್ಕೆ ಮೊಣಕಾಲೆತ್ತರದ ಸ್ಟೂಲು. ಇದೊಂದರಿಂದಲೇ ಮೂರು ವಾರದಲ್ಲಿ ಬೆಳಗಿನ ಸೆಳೆತ ಅರ್ಧ ಇಳಿಯಿತು.

ವ್ಯಾಯಾಮ ಅಂದರೆ ಬೆನ್ನಿನ ಬಗ್ಗೆ ಸಂಶೋಧನೆ ಮಾಡಿದ ಕೆನಡಾದ ಪ್ರೊಫೆಸರ್ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರೇ: ಅಂಗಾತ ಮಲಗಿ ತಲೆ-ಭುಜ ಸ್ವಲ್ಪ ಎತ್ತುವುದು, ಪಕ್ಕಕ್ಕೆ ಮಲಗಿ ಸೊಂಟ ಎತ್ತುವುದು, ಅಂಬೆಗಾಲಲ್ಲಿ ನಿಂತು ಒಂದು ಕೈ ಮತ್ತು ಅದರ ಎದುರು ಬದಿಯ ಕಾಲು ಚಾಚುವುದು. ಒಂದೊಂದು ಸಲಕ್ಕೆ ಹತ್ತು ಸೆಕೆಂಡ್ ಹಿಡಿದು ಬಿಡುವುದು, ಒದ್ದಾಡಿ ಮಾಡುವುದಲ್ಲ. ಜೊತೆಗೆ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಹೆಸರಲ್ಲಿ ಬಂದ, ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ. ಇದರಲ್ಲಿ ಗುರುತು ಇಷ್ಟೇ: ನೋವು ಕಾಲಿನಿಂದ ಮೇಲಕ್ಕೆ ಹತ್ತಿ ಸೊಂಟದಲ್ಲಿ ನಿಂತರೆ ಒಳ್ಳೇದು, ಕೆಳಗೆ ಇಳಿಯುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ. ಎಲ್ಲರಿಗೂ ಇದು ಆಗಿಬರಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. 50 ಕೆಜಿ ಚೀಲಕ್ಕೆ ಅರ್ಧ ಮಾತ್ರ ತುಂಬಿಸಿದೆ, ಗೋಣಿ ಖರ್ಚು ಡಬಲ್ ಆಯಿತು, ಆದರೂ ಒಂದು ಎಂಆರ್‌ಐಗಿಂತ ಕಡಿಮೆಯೇ. ಕಾಫಿಯಲ್ಲಿ ಕೆಟ್ಟ ಕಾಳು ಹೆಕ್ಕುವ ಕೆಲಸವನ್ನು ನೆಲದಿಂದ ಟೇಬಲ್ಲಿಗೆ ಏರಿಸಿದೆ, ಅದರಿಂದ ಮನೆಯವಳ ಬೆನ್ನೂ ಹಗುರಾಯಿತು. ಯಾವ ಭಂಗಿಯಲ್ಲೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ, ನೆಟ್ಟಗೆ ಕೂತಿದ್ದರೂ ಅಷ್ಟೇ. ಕೊಟ್ಟಿಗೆಹಾರದ ರಸ್ತೆಯಲ್ಲಿ ಜೀಪು ಓಡಿಸಲು ಸೀಟಿಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಇನ್ನೊಂದು ಮಳೆಗಾಲ ನೋಡದೆ ಅದನ್ನು ಹೇಳುವುದಿಲ್ಲ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದಕ್ಕೆ ಹೋಗುವುದು ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಈ ಯಾವುದನ್ನೂ ಮಾಡಬೇಡಿ, ಆವತ್ತೇ ಆಸ್ಪತ್ರೆಗೆ ಹೋಗಿ.

ಕಳೆ ಹೊಡೆಯುವ ಯಂತ್ರವನ್ನು ಇನ್ನೂ ಹೆಗಲಿಗೆ ಹಾಕಿಲ್ಲ. ಮಳೆ ಹಿಡಿಯುವ ಮುಂಚೆ ಮನೆ ಹಿಂದಿನ ಅರ್ಧ ಎಕರೆಯಲ್ಲಿ, ಹತ್ತು ಹತ್ತು ನಿಮಿಷದ ಲೆಕ್ಕದಲ್ಲಿ ನೋಡಬೇಕು ಅಂತಿದ್ದೇನೆ.