ಕಣ್ಣಿಗೆ ಕಾಣದ್ದನ್ನು ಓಸಿಟಿ ಬಿಡಲಿಲ್ಲ

"ಮಾಂಸ ಬೆಳೆದಿದೆ, ಕತ್ತರಿಸಿ ತೆಗೆದುಬಿಡಿ ಸಾಹೇಬರೇ" ಎನ್ನುತ್ತಲೇ ಆ ರೈತರು ಕುರ್ಚಿಯಲ್ಲಿ ಕುಳಿತರು. ಹಾವೇರಿ ಕಡೆಯವರು, ಅರವತ್ತು ದಾಟಿದೆ, ಬದುಕೆಲ್ಲ ಮೆಣಸಿನಕಾಯಿ ಹೊಲದ ಬಿಸಿಲಿನಲ್ಲೇ ಕಳೆದಿದೆ. ಇಂಥವರ ಕಣ್ಣಿನಲ್ಲಿ ದುರ್ಮಾಂಸ, ಅಂದರೆ ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಹಬ್ಬುವ ಮಾಂಸದ ಪೊರೆ, ನಮಗೆ ದಿನನಿತ್ಯದ ನೋಟ. ಆದರೆ ಎಡಗಣ್ಣಿನ ಮೂಗಿನ ಬದಿಯಲ್ಲಿದ್ದ ಈ ಗಂಟು ಜೆಲ್ಲಿಯಂತೆ ಉಬ್ಬಿತ್ತು. ಸೊಟ್ಟಸೊಟ್ಟ ರಕ್ತನಾಳಗಳು ಅದರೊಳಗೆ ನುಗ್ಗಿದ್ದವು. ಕೆಟ್ಟ ಕೋಶಗಳನ್ನು ಗುಲಾಬಿಯಾಗಿ ತೋರಿಸುವ ರೋಸ್ ಬೆಂಗಾಲ್ ಬಣ್ಣ ಹಾಕಿದಾಗ ಗಂಟಿನ ಆಚೆ, ಕರಿಗುಡ್ಡೆಯ ಮೇಲೂ ಗುಲಾಬಿ ಹರಡಿತು.

ಹಿಂದೊಮ್ಮೆ ಇಂಥದ್ದನ್ನೇ ದುರ್ಮಾಂಸವೆಂದು ತೆಗೆದು, ಚೂರನ್ನು ಪರೀಕ್ಷೆಗೆ ಪೆಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸದೆ ತಪ್ಪು ಮಾಡಿದ್ದೆ. ಎಂಟು ತಿಂಗಳಲ್ಲಿ ಅದು ಇಮ್ಮಡಿಯಾಗಿ ಮರಳಿತು. ಅಂದಿನಿಂದ ಕಣ್ಣಿನಿಂದ ತೆಗೆದ ಯಾವ ಚೂರನ್ನೂ ನಾನು ಬಿಸಾಡಿಲ್ಲ.

ಇವರಿಗೆ ಮೊದಲು ಕಣ್ಣಿನ ಮುಂಭಾಗದ ಓಸಿಟಿ ಮಾಡಿದೆ. ಬೆಳಕಿನಿಂದ ಅಂಗಾಂಶದ ಸೀಳುನೋಟ ಕೊಡುವ ಸ್ಕ್ಯಾನ್ ಇದು. ಸೂಜಿಯಿಲ್ಲ, ಕಣ್ಣು ಮುಟ್ಟುವುದೂ ಇಲ್ಲ. ಕರಿಗುಡ್ಡೆಯ ಮೇಲ್ಪದರ ಸಹಜವಾಗಿ ಸುಮಾರು 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪದ ತೆಳುವಾದ ಬೂದುಗೆರೆಯಾಗಿ ಕಾಣುತ್ತದೆ. ದುರ್ಮಾಂಸದಲ್ಲಿ ಆ ಗೆರೆ ತೆಳುವಾಗಿಯೇ ಉಳಿದು, ಅದರ ಕೆಳಗೆ ನಾರುನಾರಾದ ಅಂಗಾಂಶ ಬೆಳೆದಿರುತ್ತದೆ. ಇವರಲ್ಲಿ ಗೆರೆಯೇ 300 ಮೈಕ್ರಾನ್‌ವರೆಗೆ ದಪ್ಪವಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಸಹಜ ಪದರ ಮುಗಿದು ರೋಗ ಶುರುವಾಗುವ ಜಾಗ ಮೆಟ್ಟಿಲಿನಂತೆ ಥಟ್ಟನೆ ಕಂಡಿತು. ಕಣ್ಣಿನ ಮೇಲ್ಮೈ ಕೋಶಗಳಲ್ಲಿ ಹುಟ್ಟುವ, ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತದ ಗೆಡ್ಡೆಯ, ಅಂದರೆ ಒಎಸ್ಎಸ್ಎನ್‌ನ, ಗುರುತು ಅದು. ಸಣ್ಣ ಚೂರು ತೆಗೆದು ಕಳುಹಿಸಿದೆ. ಪೆಥಾಲಜಿಯವರೂ ಅದನ್ನೇ ಹೇಳಿದರು. ಎಚ್‌ಐವಿ ಇದ್ದವರಲ್ಲಿ ಈ ರೋಗ ಹೆಚ್ಚು. ಹಾಗಾಗಿ ಒಪ್ಪಿಗೆ ಪಡೆದು ಆ ಪರೀಕ್ಷೆಯನ್ನೂ ಮಾಡಿಸಿದೆ, ಇರಲಿಲ್ಲ.

ಕರಿಗುಡ್ಡೆಯನ್ನು ಗಡಿಯಾರವೆಂದುಕೊಂಡರೆ, ಗಂಟು ಅದರ ಅಂಚಿನಲ್ಲಿ ಏಳರಿಂದ ಹನ್ನೊಂದು ಗಂಟೆಯ ಜಾಗದವರೆಗೆ ಹಬ್ಬಿತ್ತು. ಕರಿಗುಡ್ಡೆಯ ಮೇಲ್ಪದರವನ್ನು ಸದಾ ಹೊಸದಾಗಿಸುವ ಮೂಲಕೋಶಗಳು ಇರುವುದು ಆ ಅಂಚಿನಲ್ಲೇ. ಸುತ್ತಲೂ 4 ಮಿಲಿಮೀಟರ್ ಬಿಟ್ಟು ಕತ್ತರಿಸಿದರೆ ಅಂಚಿನ ದೊಡ್ಡ ಭಾಗವೇ ಹೋಗುತ್ತಿತ್ತು. ದೇಹದ ರೋಗನಿರೋಧಕ ಶಕ್ತಿಯನ್ನು ಗೆಡ್ಡೆಯ ವಿರುದ್ಧ ಚುರುಕುಗೊಳಿಸುವ ಇಂಟರ್‌ಫೆರಾನ್ ಹನಿಯನ್ನು ದಿನಕ್ಕೆ ನಾಲ್ಕು ಸಲ, ತಿಂಗಳುಗಟ್ಟಲೆ ಹಾಕಬಹುದಿತ್ತು. ಆದರೆ ಅದನ್ನು ತಂಪಿನಲ್ಲೇ ಇಡಬೇಕು, ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಕ್ಯಾನ್ಸರ್ ಮದ್ದಾದ ಮೈಟೋಮೈಸಿನ್ ಹನಿ ಕಣ್ಣನ್ನು ಉರಿಸುವುದಲ್ಲದೆ ಆ ಮೂಲಕೋಶಗಳಿಗೂ ಹಾನಿ ಮಾಡಬಲ್ಲದು. ಕೊನೆಗೆ ವಾರಕ್ಕೊಂದು ಚುಚ್ಚುಮದ್ದು ಎಂದು ನಿರ್ಧರಿಸಿದೆ: ಇಂಟರ್‌ಫೆರಾನ್ ಆಲ್ಫಾ-2ಬಿ, ಅರ್ಧ ಮಿಲಿಲೀಟರಿನಲ್ಲಿ 30 ಲಕ್ಷ ಯೂನಿಟ್.

ಮರಗಟ್ಟಿಸುವ ಹನಿ ಹಾಕಿ ಐದು ನಿಮಿಷ ಕಾಯುತ್ತೇನೆ. ಬಹಳ ಸಣ್ಣ, 30 ಗೇಜ್ ಸೂಜಿಯ ಮೊನೆಯನ್ನು ಗಂಟಿನ ಪಕ್ಕದ ಆರೋಗ್ಯವಂತ ತೆಳುಪೊರೆಯ ಕೆಳಗೆ, ಕಣ್ಣುಗುಡ್ಡೆಗೆ ಸಮಾನಾಂತರವಾಗಿ ತೂರಿಸುತ್ತೇನೆ. ಮದ್ದು ನಿಧಾನಕ್ಕೆ ಇಳಿಯುತ್ತಿದ್ದಂತೆ ಪೊರೆ ನೀರುಗುಳ್ಳೆಯಂತೆ ಉಬ್ಬಿ ಗಂಟಿನ ಅಡಿಗೆ ಸರಿಯುತ್ತದೆ. ಮೊದಲ ದಿನ ಅವರು ಮಗನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು, ಮೂರನೆಯ ವಾರ ಒಬ್ಬರೇ ಬಸ್ಸಿನಲ್ಲಿ ಬಂದರು. ಸಂಜೆ ಚಳಿಜ್ವರ, ಮೈಕೈ ನೋವು ಬರುತ್ತದೆಂದು ಮೊದಲೇ ಹೇಳಿ ಪ್ಯಾರಾಸಿಟಮಾಲ್ ಕೊಟ್ಟು ಕಳುಹಿಸುತ್ತಿದ್ದೆ. ಇದನ್ನು ಹೇಳದಿದ್ದರೆ ಹೆದರಿದ ರೋಗಿ ಎರಡನೆಯ ಚುಚ್ಚುಮದ್ದಿಗೆ ಬರುವುದೇ ಇಲ್ಲ.

ನಾಲ್ಕನೆಯದು ಮುಗಿದಾಗ ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣು ಸ್ವಚ್ಛವಾಗಿತ್ತು. "ಕರಗಿತಲ್ಲ ಸಾಹೇಬರೇ, ಇನ್ನೂ ಯಾಕೆ?" ಎಂದರು. ನನಗೂ ನಿಲ್ಲಿಸುವ ಮನಸ್ಸಾಗಿತ್ತು. ಆದರೂ ಅದೇ ಗಂಟೆಯ ಜಾಗದಲ್ಲಿ ಮತ್ತೆ ಓಸಿಟಿ ತೆಗೆದೆ. ಕರಿಗುಡ್ಡೆಯ ಅಂಚಿನಲ್ಲಿ 90 ಮೈಕ್ರಾನಿನ ಒಂದು ಪಟ್ಟಿ, ಅದೇ ಮೆಟ್ಟಿಲಿನ ಸಮೇತ, ಉಳಿದೇ ಇತ್ತು. ಪರದೆಯನ್ನು ಅವರತ್ತ ತಿರುಗಿಸಿ, "ಯಜಮಾನರೇ, ಕಳೆಯ ಬೇರು ಇಲ್ಲಿದೆ ನೋಡಿ" ಎಂದೆ. ಹೊಲದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇನ್ನೆರಡು ಚುಚ್ಚುಮದ್ದುಗಳ ನಂತರ ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಯಿತು.

ಎಲ್ಲ ಗಂಟುಗಳಿಗೂ ಈ ದಾರಿ ಆಗದು. ಮೇಲೆ ದಪ್ಪ ಬಿಳಿ ಪೊರೆ ಕಟ್ಟಿದ್ದರೆ ಓಸಿಟಿಯ ಬೆಳಕು ಒಳಗಿಳಿಯದೆ ಕೆಳಗೆಲ್ಲ ನೆರಳು ಬೀಳುತ್ತದೆ. ಗೆಡ್ಡೆ ಆಳಕ್ಕಿಳಿದ ಅನುಮಾನವಿದ್ದರೆ ನಾನು ಕಾಯುವುದಿಲ್ಲ, ಶಸ್ತ್ರಚಿಕಿತ್ಸೆಗೆ ಕಳುಹಿಸುತ್ತೇನೆ.

ಆ ರೈತರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ ಧರಿಸಿ ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ "ಅದೇ ಜಾಗದ ಫೋಟೋ ತೆಗೆಯಿರಿ" ಎಂದರು.