ಅಡಿಕೆ ಕೊಯ್ಲಿಗೂ ನಿಲ್ಲದ ಸಿಎನ್‌ಸಿ ಶಾಪ್: ಮಾಚೇನಹಳ್ಳಿಯಲ್ಲಿ ನನ್ನ ಅನುಭವ

ಕಳೆದ ಅಡಿಕೆ ಕೊಯ್ಲಿನಲ್ಲಿ, ಅಂದರೆ ನವೆಂಬರಿನಿಂದ ಜನವರಿವರೆಗೆ, ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ನಮ್ಮ ಶೆಡ್‌ನ 12 ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ) ಟರ್ನಿಂಗ್ ಮೆಷಿನ್‌ಗಳಲ್ಲಿ ಜನ ಇಲ್ಲವೆಂದು ಒಂದು ಪಾಳಿಯೂ ನಿಲ್ಲಲಿಲ್ಲ. ಅದರ ಹಿಂದಿನ ವರ್ಷ ಇದೇ ಮೂರು ತಿಂಗಳು ದಿನಕ್ಕೆ ಮೂರು ಮೆಷಿನ್ ಒಂದು ಪಾಳಿ ಸುಮ್ಮನೆ ನಿಂತಿದ್ದವು. ಗಂಟೆಗೆ 350 ರೂಪಾಯಿ ಹಿಡಿದರೂ ಐದೂವರೆ ಲಕ್ಷಕ್ಕೂ ಮೇಲೆ ಹೋಯಿತು. ಪಿಯುಸಿ ಮುಗಿಸಿದ ಊರ ಹುಡುಗರಿಗೆ 14 ವಾರದಲ್ಲಿ ಆಫ್‌ಸೆಟ್ (ಪೀಸಿನ ಅಳತೆ ನೋಡಿ ಟೂಲ್ ಸರಿಸಲು ಮೆಷಿನ್‌ಗೆ ಹೊಡೆಯುವ ತಿದ್ದುಪಡಿ ಅಂಕಿ) ಕೊಡುವಷ್ಟು ಕಲಿಸುತ್ತೇನೆ ಎಂದಾಗ ಅಕ್ಕಪಕ್ಕದ ಶೆಡ್‌ನವರು ‘ಕಲಿಸಿ ಪೀಣ್ಯಕ್ಕೆ ಕಳಿಸ್ತೀರಿ, ಅಷ್ಟೆ’ ಎಂದಿದ್ದರು. ಎರಡನೇ ಬ್ಯಾಚಿನ ಆರು ಜನರಲ್ಲಿ ಐವರು ಇವತ್ತೂ ಇಲ್ಲೇ ಇದ್ದಾರೆ.

ಮೊದಲು ತಪ್ಪಿದ್ದು ತಲೆಲೆಕ್ಕ. ಒಬ್ಬರಿಗೆ ಎರಡು ಮೆಷಿನ್, ಎರಡು ಪಾಳಿ, ಒಟ್ಟು 12 ಜಾಗ. ಮಾಮೂಲಿ ತಿಂಗಳಲ್ಲಿ ನೂರಕ್ಕೆ ಹತ್ತು ಗೈರು. ಹನ್ನೆರಡನ್ನು 0.9ರಿಂದ ಭಾಗಿಸಿದರೆ 14 ಜನ ಸಾಕು. ಕೊಯ್ಲಿನಲ್ಲಿ ಜನ ಅಡಿಕೆ ಕೆಲಸಕ್ಕೆ ಹೋಗಿ ಗೈರು ಕಾಲು ಭಾಗ ಮುಟ್ಟುತ್ತದೆ, 0.75ರಿಂದ ಭಾಗಿಸಿ, 16 ಬೇಕು. ವರ್ಷದ ಸರಾಸರಿ ಹಿಡಿದು ಕೂತರೆ ಇದು ಕಾಣುವುದೇ ಇಲ್ಲ. ಹಾಜರಿ ಪುಸ್ತಕವನ್ನು ತಿಂಗಳುವಾರು ಬಿಡಿಸಿ ನೋಡಬೇಕು. ನವೆಂಬರ್ ಒಂದರಿಂದ ಹಿಂದಕ್ಕೆ ಎಣಿಸಿ, ಜುಲೈ ಮೊದಲ ವಾರ ಸೇರಿಸಿಕೊಂಡೆವು. ಮೇ ತಿಂಗಳಲ್ಲೇ ಸೇರಿಸಿಕೊಂಡರೆ ಕಾಲೇಜು, ಐಟಿಐ ಸೀಟು ಸಿಕ್ಕ ಕೂಡಲೇ ಹೊರಟುಬಿಡುತ್ತಾರೆ.

ಮೊದಲ ಬ್ಯಾಚಿನ ಎಂಟು ಜನರಲ್ಲಿ ಐವರು ಬಿಟ್ಟರು. ಕಾರಣ ಸಂಬಳ ಅಲ್ಲ, ಬಸ್ಸು. ಆಯನೂರು, ಕುಂಸಿ ಕಡೆಯವರು ಶಿವಮೊಗ್ಗದಲ್ಲಿ ಬಸ್ ಬದಲಿಸಿ ಬರಬೇಕು. ಆರು ಗಂಟೆ ಪಾಳಿಗೆ ಮುಟ್ಟಲು ಆಗುತ್ತಿರಲಿಲ್ಲ, ರಾತ್ರಿ ಹತ್ತೂವರೆಗೆ ಬಿಟ್ಟರೆ ವಾಪಸ್ ಹೋಗಲೂ ಆಗುತ್ತಿರಲಿಲ್ಲ. ಈಗ ಪಾಳಿ ಏಳಕ್ಕೆ ಶುರು, ಕಲಿಯುವವರೆಲ್ಲ ಹಗಲು ಮಾತ್ರ.

ಅದೇ ಬ್ಯಾಚನ್ನು ಆಪರೇಟರ್ ಬೆನ್ನಿಗೆ ನಿಲ್ಲಿಸಿ ‘ನೋಡಿ ಕಲಿ’ ಎಂದಿದ್ದೂ ತಪ್ಪು. ಆರನೇ ವಾರ ಒಬ್ಬ ಆಫ್‌ಸೆಟ್‌ನಲ್ಲಿ 0.05 ಎಂಎಂ ಹೊಡೆಯುವ ಕಡೆ 5.0 ಹೊಡೆದ, ಟರೆಟ್ (ಟೂಲ್ ಹಿಡಿಯುವ ತಲೆ) ಹೋಗಿ ಚಕ್‌ಗೆ (ಪೀಸ್ ಹಿಡಿಯುವ ಭಾಗ) ಬಡಿಯಿತು. ಸ್ಪಿಂಡಲ್ ಬೇರಿಂಗ್ ಸೇರಿ 1.8 ಲಕ್ಷದ ಆಸುಪಾಸು.

ಎರಡನೇ ಬ್ಯಾಚಿಗೆ ಮೊದಲ ಮೂರು ವಾರ ಮೆಷಿನ್ ಮುಟ್ಟಿಸಲಿಲ್ಲ. ವರ್ನಿಯರ್, ಮೈಕ್ರೊಮೀಟರ್, ಬೋರ್ (ಒಳರಂಧ್ರ) ಅಳೆಯುವ ಬೋರ್ ಗೇಜ್, ಇಷ್ಟೇ. ನಂಬರ್ ಹಾಕಿದ ಹತ್ತು ಪೀಸ್, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದು ಬರೆಯಬೇಕು. ಬೋರ್ ಗೇಜಿನಲ್ಲಿ ಎರಡು ಸಲದ ಅಳತೆಯೂ ಇನ್‌ಸ್ಪೆಕ್ಟರ್ ಅಳತೆಗೆ 0.01 ಎಂಎಂ ಒಳಗೆ ಕೂತರೆ ಮುಂದಕ್ಕೆ, ಇಲ್ಲವಾದರೆ ಇನ್ನೊಂದು ವಾರ. ಇಲ್ಲಿ ಎಲ್ಲರೂ ಎಡವುವುದು ಬಿಸಿ ಪೀಸಿನಲ್ಲಿ. 100 ಎಂಎಂ ಬೋರಿನ ಕ್ಯಾಸ್ಟ್ ಐರನ್ ಪೀಸ್ ತಣ್ಣಗಿರುವಾಗಿಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 0.02ರಷ್ಟು ದೊಡ್ಡದಾಗಿ ತೋರಿಸುತ್ತದೆ. ಎಚ್7 ಎಂಬ ಅಳತೆ ಮಿತಿಯಲ್ಲಿ ನಮಗಿರುವ ಜಾಗವೇ 0.035. ಬಿಸಿಯಲ್ಲಿ ಸರಿ ಇದ್ದದ್ದು ತಣಿದ ಮೇಲೆ ಚಿಕ್ಕದಾಗಿರುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ: ಎಣ್ಣೆ ಸವರದೆ ಇಟ್ಟ ಆ ನಂಬರ್ ಪೀಸ್‌ಗಳಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು, ಪರೀಕ್ಷೆಯೇ ಕೆಡುತ್ತದೆ.

ನಾಲ್ಕರಿಂದ ಒಂಬತ್ತನೇ ವಾರ ಲೋಡಿಂಗ್, ಜಾ ಬೋರಿಂಗ್ (ಚಕ್‌ನ ಹಿಡಿತದ ಹಲ್ಲುಗಳನ್ನು ಪೀಸಿನ ಅಳತೆಗೆ ಕಡೆಯುವುದು), ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ತುಂಡು) ಬದಲಿಸುವುದು. ಬ್ಲೋಹೋಲ್ (ಎರಕದ ಗಾಳಿಗುಳ್ಳೆ) ಬಂದು ರಿಜೆಕ್ಟ್ ಆದ ಕ್ಯಾಸ್ಟಿಂಗ್, ಅರ್ಧ ಸವೆದ ಇನ್ಸರ್ಟ್ ಕೊಟ್ಟೆವು. ಕೂಲಂಟ್ (ಕಡೆಯುವಾಗ ತಂಪಿಗೆ ಹರಿಸುವ ಎಣ್ಣೆ-ನೀರು) ಬೆರೆಸುವುದನ್ನೂ ಅವರಿಗೇ ಬಿಟ್ಟೆವು. ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ.

ಕೊನೆಯ ಐದು ವಾರ ಪೂರ್ತಿ ಆಫ್‌ಸೆಟ್. ಚಿಹ್ನೆ ತಪ್ಪುವುದೇ ಹೆಚ್ಚು: ಹೊರ ವ್ಯಾಸ ದೊಡ್ಡದಾದರೆ ಎಕ್ಸ್‌ನಲ್ಲಿ (ವ್ಯಾಸದ ದಿಕ್ಕು) ಮೈನಸ್, ಬೋರ್ ಚಿಕ್ಕದಾದರೆ ಪ್ಲಸ್. ಅದಕ್ಕೇ ಚೀಟಿ ಮಾಡಿಸಿದೆವು. ಬಂದ ಅಳತೆ, ಬೇಕಾದ ಅಳತೆ, ಚಿಹ್ನೆ, ಎಷ್ಟು, ಎಲ್ಲ ಬರೆದು ಪಕ್ಕದವನಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೇ ಕೀ ಮುಟ್ಟಬೇಕು. 0.1 ದಾಟಿದರೆ ಸೆಟ್ಟರ್ (ಮೆಷಿನ್ ಹೊಂದಿಸಿ ಕೊಡುವವ) ಬರಬೇಕು. ಕಂಟ್ರೋಲ್ ಒಳಗೂ ಒಂದು ಪ್ಯಾರಾಮೀಟರ್‌ಗೆ ಮಿತಿ ಹಾಕಿದ್ದೇವೆ, ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿಂದಾಚೆ ಒಂದು ಸಲವೂ ಮೆಷಿನ್ ಬಡಿದಿಲ್ಲ.

ಒಬ್ಬನಿಗೆ 14 ವಾರಕ್ಕೆ ಸ್ಟೈಪೆಂಡ್, ಕಲಿಸುವ ಸೆಟ್ಟರ್‌ನ ಅರ್ಧ ದಿನ, ಇನ್ಸರ್ಟ್ ಸೇರಿ 45 ಸಾವಿರದ ಹತ್ತಿರ. ಆರು ಜನಕ್ಕೆ 2.7 ಲಕ್ಷ, ನಿಂತ ಮೆಷಿನ್‌ಗಳ ನಷ್ಟದ ಅರ್ಧ. ನ್ಯಾಪ್ಸ್ (ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ) ಅಡಿ ಒಂದು ವರ್ಷದ ಒಪ್ಪಂದ ಮಾಡಿಕೊಂಡರೆ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500ರ ಮಿತಿಯಲ್ಲಿ, ಸರ್ಕಾರ ಹುಡುಗರ ಖಾತೆಗೇ ಹಾಕುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಸೇರುವ ದಿನವೇ ನೋಡಿ, ನಮ್ಮಲ್ಲಿ ಇಬ್ಬರದ್ದು ಅದಕ್ಕೇ ಎರಡು ತಿಂಗಳು ನಿಂತಿತ್ತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಪಳಗಿದ ನಾಲ್ವರು ಹೆಂಗಸರನ್ನು ಡೀಬರಿಂಗ್‌ಗೆ (ಕಡೆದ ಪೀಸಿನ ಅಂಚಿನ ಚೂಪು ತೆಗೆಯುವುದಕ್ಕೆ) ಹಾಕಿದೆವು. ಎರಡೇ ವಾರದಲ್ಲಿ ಹಳಬರಿಗಿಂತ ವೇಗ, ಅಂಚೂ ಒಂದೇ ಸಮ. ಆದರೆ ನವೆಂಬರ್ ಬಂತು, ನಾಲ್ವರೂ ಸುಲಿಯಲು ಹೋದರು. ಸುಗ್ಗಿಯಲ್ಲಿ ಸುಲಿಯುವ ಕೂಲಿ ನಮ್ಮದಕ್ಕಿಂತ ಹೆಚ್ಚು, ತಡೆಯುವುದು ಸರಿಯಲ್ಲ. ಈಗ ಅವರ ಕೆಲಸ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಎಂದೇ ಪ್ಲಾನಿನಲ್ಲಿ ಬರೆದಿದ್ದೇವೆ. ಉಳಿದ ಮೂರು ತಿಂಗಳು ಡೀಬರಿಂಗ್ ಹೊರಗೆ ಕೊಡುತ್ತೇವೆ.